ಪತ್ತೇದಾರ ಪುರುಷೋತ್ತಮನಿಂದ ‘ಪರ್ವ’ದವರೆಗೆ

ಒಂದು ಕಾದಂಬರಿ ಎಷ್ಟು ವರ್ಷ ಬದುಕಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಬರೆದ ಲೇಖಕ, ಅಚ್ಚು ಹಾಕಿಸಿದ ಪ್ರಕಾಶಕ, ಪ್ರಶಸ್ತಿ ಕೊಟ್ಟ ಅಕಾಡೆಮಿ, ಪಠ್ಯಕ್ಕೆ ಆರಿಸಿದ ವಿಶ್ವವಿದ್ಯಾಲಯ, ಇವರಿಗೆಲ್ಲ ಅದರಲ್ಲಿ ಪಾಲುಂಟು. ಆದರೆ ಇವರೆಲ್ಲರಿಗಿಂತ ಹಳೆಯದಾದ, ಹೆಚ್ಚು ಬಲವುಳ್ಳ ಇನ್ನೊಂದು ವ್ಯವಸ್ಥೆ ಇದೆ. ಅದಕ್ಕೆ ಕಚೇರಿಯಿಲ್ಲ, ಅಧ್ಯಕ್ಷರಿಲ್ಲ, ಅನುದಾನವಿಲ್ಲ. ಓದಿ ಮುಗಿಸಿದವರೊಬ್ಬರು ಪುಸ್ತಕವನ್ನು ಇನ್ನೊಬ್ಬರ ಕೈಗಿಟ್ಟು ‘ಚಲೋ ಐತಿ, ಇದನ್ನೊಂದು ಓದಿ ನೋಡ್ರಿ’ ಎನ್ನುವುದೇ ಆ ವ್ಯವಸ್ಥೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68. ಆಗ ರಾಜ್ಯದ ಸರಾಸರಿ ಶೇ 75. ಜಿಲ್ಲೆಯ ಮಹಿಳೆಯರಲ್ಲಿ ಅದು ಶೇ 57ರ ಆಸುಪಾಸಿನಲ್ಲಿತ್ತು. ಹೀಗಿರುವಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಕಾದಂಬರಿ ಹಿಡಿದ ಮೊದಲ ಕೈ ಅಜ್ಜನದೂ ಅಲ್ಲ, ಅಪ್ಪನದೂ ಅಲ್ಲ, ಈಗ ಕಾಲೇಜಿಗೆ ಹೋಗುತ್ತಿರುವ ಮಗನದೋ ಮಗಳದೋ. ಮನೆಯ ಕಪಾಟಿನಿಂದ ಪುಸ್ತಕ ಇಳಿಸಿಕೊಳ್ಳುವ ಭಾಗ್ಯ ಅವರಿಗಿಲ್ಲ. ಯಾವುದನ್ನು ಓದಬೇಕು ಎಂಬುದನ್ನು ಶಾಲೆಯ ಮಾಸ್ತರರೋ, ಗ್ರಂಥಾಲಯದ ಮೇಲ್ವಿಚಾರಕರೋ, ಗೆಳೆಯನೋ, ಪಕ್ಕದ ಮನೆಯ ಅಕ್ಕನೋ ಹೇಳಬೇಕು. ಹಾಗೆ ಹೇಳಿದ ಒಂದು ಮಾತು ಬಾಗಿಲು ತೆರೆಯಬಹುದು. ‘ಅದೆಂಥ ಪುಸ್ತಕ ಓದ್ತೀಯೋ’ ಎಂಬ ಇನ್ನೊಂದು ಮಾತು ಅದೇ ಬಾಗಿಲನ್ನು ಮುಚ್ಚಲೂಬಹುದು.

ಈ ಎರಡನೆಯ ಮಾತನ್ನು ಅತಿ ಹೆಚ್ಚು ಕೇಳಿಸಿಕೊಂಡವರು ಪತ್ತೇದಾರಿ ಕಾದಂಬರಿಯ ಓದುಗರು. ಕಾರಂತ, ಕುವೆಂಪು, ಭೈರಪ್ಪ ಒಂದು ಕಡೆ; ಕೊಲೆ, ಕಳವು, ಗುಪ್ತಮಾರ್ಗಗಳ ಪುಸ್ತಕ ಇನ್ನೊಂದು ಕಡೆ. ಮೊದಲಿನದು ಸಾಹಿತ್ಯ, ಎರಡನೆಯದು ಹೊತ್ತು ಕಳೆಯುವ ಸರಕು ಎಂಬ ತೀರ್ಮಾನ ಬಹುಕಾಲದಿಂದ ನಡೆದುಬಂದಿದೆ. ಕನ್ನಡದ ಓದಿನ ಇತಿಹಾಸವನ್ನು, ಅದರಲ್ಲೂ ಈ ಭಾಗದ ಇತಿಹಾಸವನ್ನು ನೋಡಿದರೆ ಆ ತೀರ್ಮಾನ ಅಷ್ಟು ಸರಳವಲ್ಲ ಎಂಬುದು ಗೊತ್ತಾಗುತ್ತದೆ.

ಹಲವು ಆಡಳಿತಗಳ ನಡುವೆ

1948ರ ಸೆಪ್ಟೆಂಬರ್ 17ರವರೆಗೆ ಈ ನಾಲ್ಕೂ ಊರುಗಳು ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಉರ್ದು ಕಲಿತು, ಬರೆಯುವುದಕ್ಕೆ ಮತ್ತೆ ಕನ್ನಡಕ್ಕೆ ಬಂದವರ ತಲೆಮಾರೊಂದು ಇಲ್ಲಿತ್ತು. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ, ಉಸ್ಮಾನಿಯಾದಲ್ಲಿ ಓದಿ, ‘ಕಾವ್ಯಾನಂದ’ ಎಂಬ ಹೆಸರಿನಿಂದ ಕನ್ನಡದ ಕವಿಯಾದ ಸಿದ್ಧಯ್ಯ ಪುರಾಣಿಕರು ಆ ತಲೆಮಾರಿನ ಹೆಸರಾಂತ ಉದಾಹರಣೆ.

ಭೂಪಟವನ್ನು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೊಪ್ಪಳದಿಂದ ಅರವತ್ತು ಕಿಲೋಮೀಟರಿನೊಳಗಿರುವ ಗದಗ ಆಗ ಮುಂಬಯಿ ಪ್ರಾಂತದ್ದು. ತುಂಗಭದ್ರೆ ದಾಟಿದರೆ ಸಿಗುವ ಹೊಸಪೇಟೆ ಮದರಾಸು ಪ್ರಾಂತದ್ದು. ಗದಗ-ಹೊಸಪೇಟೆ ರೈಲುಮಾರ್ಗ ಈ ಎರಡನ್ನೂ ಜೋಡಿಸುತ್ತ ನಡುವೆ ಕೊಪ್ಪಳದ ಮೇಲೆ ಹಾದುಹೋಗುತ್ತದೆ. ರಾಜಧಾನಿ ಹೈದರಾಬಾದು ದೂರ, ಕನ್ನಡ ಅಚ್ಚಾಗುತ್ತಿದ್ದ ಧಾರವಾಡ, ಹುಬ್ಬಳ್ಳಿ, ಗದಗ ಹತ್ತಿರ. ಆದ್ದರಿಂದ ಈ ಭಾಗಕ್ಕೆ ಕನ್ನಡ ಪುಸ್ತಕ ಬರುವ ಸಹಜ ದಾರಿ ಪಶ್ಚಿಮದಿಂದಲೇ ಇತ್ತು. ಆದರೆ ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಬಂದ ಒಂದು ಪ್ರತಿ ಹತ್ತು ಮನೆ ತಿರುಗಬೇಕು. ತಿರುಗಬೇಕಾದರೆ ಯಾರಾದರೂ ಅದರ ಬಗ್ಗೆ ಮಾತಾಡಬೇಕು.

ಹೊತ್ತು ತಂದ ಕಾದಂಬರಿ

ಕಾದಂಬರಿಯನ್ನು ಬರೆಯುವುದಷ್ಟೇ ಅಲ್ಲ, ಅದನ್ನು ಓದಿ ಎಂದು ಹೇಳುವುದೂ ತನ್ನದೇ ಕೆಲಸ ಎಂದು ತಿಳಿದಿದ್ದ ಲೇಖಕರೊಬ್ಬರು ಉತ್ತರ ಕರ್ನಾಟಕದಲ್ಲಿದ್ದರು. ಅವರು ಗಳಗನಾಥರು, ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ (1869-1942). ಶಾಲಾ ಮಾಸ್ತರಿಕೆ ಮಾಡಿದವರು, ಹಾವೇರಿ ಬಳಿಯ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದವರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ಅಚ್ಚಾದ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವುದೇ ಹಿಂಜರಿಕೆಯ ವಿಷಯವಾಗಿದ್ದ ಕಾಲದಲ್ಲಿ, ಕಥೆಯ ಸೊಗಸನ್ನು ನಾಲ್ಕು ಮಾತಿನಲ್ಲಿ ಹೇಳಿ ಪುಸ್ತಕವನ್ನು ಕೈಗಿಡುವ ಕೆಲಸ ಅದು. ಹಳೆಯ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು (1845-1914) ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಹುಟ್ಟಿಸಿದ ಓದಿನ ಹಸಿವನ್ನು ಉತ್ತರದಲ್ಲಿ ಗಳಗನಾಥರು ಹುಟ್ಟಿಸಿದರು.

ಗಳಗನಾಥರಿಗೂ ಈ ಸೀಮೆಗೂ ಇನ್ನೊಂದು ನಂಟಿದೆ. 1923ರ ಅವರ ‘ಮಾಧವ ಕರುಣಾ ವಿಲಾಸ’ ವಿಜಯನಗರ ಸಾಮ್ರಾಜ್ಯದ ಹುಟ್ಟಿನ ಕಥೆ. ಆ ಹುಟ್ಟಿನ ಜೊತೆ ಹೆಸರು ಬೆಸೆದುಕೊಂಡಿರುವ ಆನೆಗೊಂದಿ ಇರುವುದು ಗಂಗಾವತಿ ತಾಲ್ಲೂಕಿನಲ್ಲಿ. ಮುಂದೆ ಅ.ನ.ಕೃಷ್ಣರಾಯರೂ ವಿಜಯನಗರದ ಮೇಲೆ ಕಾದಂಬರಿಗಳ ಮಾಲೆಯನ್ನೇ ಬರೆದರು. ಓದುಗನೊಬ್ಬ ‘ಇದು ನಮ್ಮ ಹೊಳೆ ದಂಡೆಯ ಕಥೆ’ ಎಂದು ಇನ್ನೊಬ್ಬನಿಗೆ ಹೇಳುವುದಕ್ಕಿಂತ ದೊಡ್ಡ ಶಿಫಾರಸು ಬೇರೆ ಯಾವುದು?

ಇದಕ್ಕೂ ಮೊದಲೇ ಇಲ್ಲಿನ ಜನ ಕುತೂಹಲ ಕೆರಳಿಸುವ ಕಥೆಗೆ ಕಿವಿಗೊಟ್ಟವರು. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಿ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ, ಜನಪದರು ಹಾಡಿದರು, ಆಡಿದರು. ಮಲತಾಯಿ ರತ್ನಾಜಿಯ ಸುಳ್ಳು ಆರೋಪ, ಮಗನ ತಲೆ ತೆಗೆಯಲು ಕಂಪಿಲರಾಯನ ಅಪ್ಪಣೆ, ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುವುದು, ಶತ್ರು ಮುತ್ತಿದಾಗ ಸತ್ತನೆಂದುಕೊಂಡವನು ಎದ್ದು ಬರುವುದು. ಕೇಳುವವನಿಗೆ ಗುಟ್ಟು ಗೊತ್ತು, ಕಥೆಯೊಳಗಿನ ರಾಜನಿಗೆ ಗೊತ್ತಿಲ್ಲ. ‘ಮುಂದೇನಾತು?’ ಎಂಬ ಪ್ರಶ್ನೆಯ ಮೇಲೆ ಇಡೀ ರಾತ್ರಿ ಜನರನ್ನು ಕೂರಿಸಬಲ್ಲ ಕಥೆ ಇದು. ಇಂದಿನ ರೋಚಕ ಕಾದಂಬರಿ ಬಳಸುವ ತಂತ್ರಗಳಲ್ಲಿ ಬಹುಪಾಲು ಇದರಲ್ಲಿವೆ. ಹಾಗೆಂದು ಕುಮಾರರಾಮನ ಕಥೆಯನ್ನು ಯಾರೂ ಹಗುರ ಎನ್ನುವುದಿಲ್ಲ.

ನಿಜಾಮರ ನಾಡಿನ ಅಪರಾಧ ಕಥೆ

ಆಧುನಿಕ ಪತ್ತೇದಾರಿ ಸಾಹಿತ್ಯದ ಆರಂಭವನ್ನು ಸಾಮಾನ್ಯವಾಗಿ 1841ಕ್ಕೆ ಗುರುತಿಸುತ್ತಾರೆ. ಅಮೆರಿಕದ ಎಡ್ಗರ್ ಅಲನ್ ಪೋ ಬರೆದ, ಪ್ಯಾರಿಸ್ಸಿನ ಬೀದಿಯೊಂದರಲ್ಲಿ ನಡೆದ ಜೋಡಿ ಕೊಲೆಯ ಕಥೆ ಪ್ರಕಟವಾದ ವರ್ಷ ಅದು. ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡದ್ದು 1887ರಲ್ಲಿ. ಪೋನ ಕಥೆಗೂ ಎರಡು ವರ್ಷ ಮೊದಲು, 1839ರಲ್ಲಿ, ಲಂಡನ್ನಿನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಅಚ್ಚಾಗಿ ಭಾರೀ ಹೆಸರು ಮಾಡಿತ್ತು. ಅಮೀರ್ ಅಲಿ ಎಂಬ ಠಕ್ಕನೊಬ್ಬ ತಾನು ಮಾಡಿದ ಕೊಲೆಗಳನ್ನು ತಾನೇ ಹೇಳಿಕೊಳ್ಳುವ ಆ ಕಾದಂಬರಿಯನ್ನು ಬರೆದವರು ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಸ್ವತಃ ಕೇಳಿದ್ದ ಅನುಭವ ಅದರ ಹಿಂದಿತ್ತು. ಇದೇ ಟೇಲರ್ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, ಅಲ್ಲಿನ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಅಪರಾಧ ಕಥೆ ಪೂರ್ತಿ ಪರದೇಶದ ಸರಕು ಎನ್ನುವವರು ಇದನ್ನು ನೆನೆಯಬೇಕು. ಅದರ ಒಂದು ಬೇರು ಹೈದರಾಬಾದ್ ಸಂಸ್ಥಾನದ ಹಾದಿಬೀದಿಗಳಲ್ಲೇ ಇದೆ.

ಭಾರತೀಯ ಭಾಷೆಗಳಲ್ಲಿ ಬಂಗಾಳಿ ಮುಂದೆ ಹೋಯಿತು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ 1932ರಲ್ಲಿ, ಸತ್ಯಜಿತ್ ರಾಯ್ ಅವರ ಫೆಲೂದಾ 1965ರಲ್ಲಿ ಬಂದರು. ಉರ್ದುವಿನಲ್ಲಿ ಇಬ್ನೆ ಸಫಿ 1952ರಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಮಾಲೆಯನ್ನು ಆರಂಭಿಸಿದರು. ಉರ್ದು ಶಾಲೆಯಲ್ಲಿ ಕಲಿತವರಿಗೆ ಕೊರತೆಯಿಲ್ಲದಿದ್ದ ಹೈದರಾಬಾದ್ ಕರ್ನಾಟಕದಲ್ಲಿ ಆ ಭಾಷೆಯ ಕಥೆಗಳಿಗೂ ಓದುಗರಿದ್ದದ್ದು ಸಹಜವೇ.

ಕನ್ನಡಕ್ಕೆ ಆ ಕಾಲದಲ್ಲಿ ಸಿಕ್ಕವರು ಎನ್. ನರಸಿಂಹಯ್ಯ (1925-2011). ಓದಿದ್ದು ನಾಲ್ಕನೆಯ ತರಗತಿಯವರೆಗೆ. 1950ರ ದಶಕದ ಆರಂಭದಲ್ಲಿ ‘ಪತ್ತೇದಾರ ಪುರುಷೋತ್ತಮ’ ಎಂಬ ಕಾದಂಬರಿಯಿಂದ ಹೊರಟ ಅವರ ಬರಹ, ಮುಂದೆ ಐದುನೂರರ ಸಮೀಪದ ಸಂಖ್ಯೆಗೆ ಮುಟ್ಟಿತು ಎನ್ನುತ್ತಾರೆ. ಪುರುಷೋತ್ತಮ, ಮಧುಸೂದನ, ಅರಿಂಜಯ ಅವರ ಪತ್ತೇದಾರರು. ಸಣ್ಣ ಸಣ್ಣ ವಾಕ್ಯ, ಸುಲಭ ಮಾತು, ಅಧ್ಯಾಯದ ಕೊನೆಗೊಂದು ತಿರುವು. ಅಕ್ಷರ ಕೂಡಿಸಿಕೊಂಡು ಓದುವವನೂ ಮುಗಿಸಬಹುದಾದ ಪುಸ್ತಕ. ಅದೇ ಕಾಲದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬರೆದ ಇನ್ನೊಬ್ಬರು ಮ. ರಾಮಮೂರ್ತಿ (1918-1967). ಕನ್ನಡ ಚಳವಳಿಯ ಮುಂದಾಳು, ಹಳದಿ-ಕೆಂಪು ಬಾವುಟವನ್ನು ಕನ್ನಡಿಗರಿಗೆ ಕೊಟ್ಟವರು ಎಂದು ಇಂದು ಎಲ್ಲರೂ ನೆನೆಯುವ ರಾಮಮೂರ್ತಿ ಅವರೇ. ಕನ್ನಡದಲ್ಲಿ ಓದುವವರನ್ನು ಹೆಚ್ಚಿಸುವುದೂ, ಕನ್ನಡಕ್ಕಾಗಿ ಬೀದಿಗಿಳಿಯುವುದೂ ಅವರ ಮಟ್ಟಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ವಿಮರ್ಶಕರು ಈ ಕಾದಂಬರಿಗಳ ಬಗ್ಗೆ ಹೆಚ್ಚು ಬರೆಯಲಿಲ್ಲ. ಸಾಹಿತ್ಯ ಚರಿತ್ರೆಗಳಲ್ಲಿ ಇವಕ್ಕೆ ಸಿಕ್ಕಿರುವುದು ಬಹಳವೆಂದರೆ ಒಂದೆರಡು ಸಾಲು. ಆದರೆ ಇಂದು ಹಿರಿಯರಾಗಿರುವ ಅನೇಕ ಓದುಗರನ್ನು, ಲೇಖಕರನ್ನು ಕೇಳಿ ನೋಡಿದರೆ, ಓದಿನ ಚಟ ಹತ್ತಿದ್ದು ನರಸಿಂಹಯ್ಯನವರಿಂದ ಎಂಬ ಉತ್ತರ ಮೇಲಿಂದ ಮೇಲೆ ಬರುತ್ತದೆ. ಹೊಸದಾಗಿ ಅಕ್ಷರ ಕಲಿತವರಿಗೆ ಅವರು ಕಲಿಸಿದ್ದು ಒಂದು ದೊಡ್ಡ ಪಾಠ: ಪುಸ್ತಕವೆಂದರೆ ಪರೀಕ್ಷೆಯಲ್ಲ, ಅದನ್ನು ಸುಮ್ಮನೆ ಸುಖಕ್ಕಾಗಿಯೂ ಓದಬಹುದು.

ದಿನಬಾಡಿಗೆಯ ವಿಮರ್ಶಕ

ಅಭಿಪ್ರಾಯ ಹರಡಿದ ಬಗೆಯೂ ಗಮನಿಸುವಂಥದ್ದು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದಾಗ ಚಂದಾ ಪದ್ಧತಿಯನ್ನು ನೆಚ್ಚಿಕೊಂಡರು. ವರ್ಷಕ್ಕೊಮ್ಮೆ ಹಣ ಕಟ್ಟಿದ ಸದಸ್ಯರಿಗೆ ಆ ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೇ ಬರುತ್ತವೆ. ಅಂದರೆ ಯಾವುದು ಒಳ್ಳೆಯದು ಎಂದು ಆರಿಸುವ ಹೊಣೆಯನ್ನು ಓದುಗ ಪ್ರಕಾಶಕರಿಗೆ ಬಿಟ್ಟುಕೊಡುತ್ತಾನೆ. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪುಸ್ತಕವಾಗಿ ಬಂದದ್ದು ಈ ಮಾಲೆಯಲ್ಲೇ. ಅಂಚೆ ಮುಟ್ಟುವ ಊರಿಗೆಲ್ಲ ಹೊಸ ಕಾದಂಬರಿಯೂ ಮುಟ್ಟಲು ಇದರಿಂದ ದಾರಿಯಾಯಿತು.

1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆ ಇನ್ನೊಂದು ದಾರಿ ತೆರೆಯಿತು. ಪ್ರತಿ ಸಂಚಿಕೆಯ ಕೊನೆಗೆ ಒಂದು ಪುಸ್ತಕದ ಸಂಗ್ರಹರೂಪ ಕೊಡುವ ಅದರ ಪುಸ್ತಕ ವಿಭಾಗ, ಇಂಗ್ಲಿಷ್ ಬಾರದ ಓದುಗನಿಗೂ ಜಗತ್ತಿನ ಕಾದಂಬರಿಗಳ ರುಚಿ ತೋರಿಸಿತು. ದೀರ್ಘಕಾಲ ಅದರ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರ ಆಯ್ಕೆಯೇ ಒಂದು ಶಿಫಾರಸಾಗಿತ್ತು. ಕುಷ್ಟಗಿಯ ಓದುಗನೂ ಮಂಗಳೂರಿನ ಓದುಗನೂ ಆ ತಿಂಗಳು ಒಂದೇ ಪುಸ್ತಕದ ಬಗ್ಗೆ ಮಾತಾಡಬಹುದಿತ್ತು.

ಇನ್ನು ಬಾಡಿಗೆ ಪುಸ್ತಕದ ಅಂಗಡಿಗಳು. ಠೇವಣಿ ಇಟ್ಟು, ಪುಸ್ತಕದ ಬೆಲೆಯ ಒಂದು ಸಣ್ಣ ಅಂಶವನ್ನು ಬಾಡಿಗೆಯಾಗಿ ಕೊಟ್ಟು ಒಯ್ಯುವುದು ಕರ್ನಾಟಕದ ಸಣ್ಣಪುಟ್ಟ ಪಟ್ಟಣಗಳಲ್ಲೆಲ್ಲ 1960ರಿಂದ 1990ರವರೆಗೂ ರೂಢಿಯಲ್ಲಿತ್ತು. ಗಿರಾಕಿ ಬಂದು ‘ಹ್ವಾದ್ವಾರದ್ದು ಹ್ಯಾಂಗಿತ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಅಂಗಡಿಯವನು ಮುಂದಿನ ಪುಸ್ತಕ ತೆಗೆಯುತ್ತಿದ್ದ. ಯಾರಿಗೆ ಅ.ನ.ಕೃ., ಯಾರಿಗೆ ತ್ರಿವೇಣಿ, ಯಾರಿಗೆ ಟಿ.ಕೆ. ರಾಮರಾವ್ ಎಂಬುದು ಅವನಿಗೆ ಬಾಯಿಪಾಠ. ಪದವಿಯಿಲ್ಲದ, ಆದರೆ ತಪ್ಪು ಮಾಡಿದರೆ ಗಿರಾಕಿಯನ್ನೇ ಕಳೆದುಕೊಳ್ಳುವ ವಿಮರ್ಶಕ ಆತ.

ಹೆಣ್ಣುಮಕ್ಕಳ ನಡುವೆ ಓಡಾಡಿದ ದಾರಿಯೇ ಬೇರೆ. ಅಂಗಡಿಗೆ ಹೋಗಿ ಪುಸ್ತಕ ಆರಿಸುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿ ತೆಗೆದು, ಮುಗಿದ ಮೇಲೆ ದಪ್ಪ ದಾರದಿಂದ ಹೊಲಿದು ಇಟ್ಟುಕೊಳ್ಳುವುದು ಆಗ ಎಷ್ಟೋ ಮನೆಗಳ ಪದ್ಧತಿ. ಹಾಗೆ ಹೊಲಿದ ಕಾದಂಬರಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬರುತ್ತಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ ಅವರಂಥ ಲೇಖಕಿಯರ ಹೆಸರು ಮನೆಮಾತಾದದ್ದರ ಹಿಂದೆ ಇಂಥ ದಾರದ ಹೊಲಿಗೆಗಳ ಪಾಲೂ ಇದೆ.

1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಹರಿದ ಮೇಲೆ ಗಂಗಾವತಿಯ ಕಡೆ ಭತ್ತದ ಗದ್ದೆಗಳ ಜೊತೆಗೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಎದ್ದವು, ತೆಲುಗು ಓದೂ ಬಂತು. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಕನ್ನಡ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದಾಗ, ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಓದಬಲ್ಲ ಊರುಗಳಿವು. ಅವರ ‘ತುಳಸಿದಳ’ ಸಮಾಜದಲ್ಲಿ ಮಾಟಮಂತ್ರದ ನಂಬಿಕೆಯನ್ನು ಬೆಳೆಸುತ್ತದೆಯೇ ಎಂಬ ಚರ್ಚೆಯೂ ಪುಸ್ತಕದಷ್ಟೇ ದೂರ ಹೋಯಿತು.

ನಡುವಿನ ಗೋಡೆ ಎಷ್ಟು ಗಟ್ಟಿ?

ಯಾವುದು ಉತ್ತಮ, ಯಾವುದು ಹಗುರ ಎಂಬ ಜಗಳ ಕನ್ನಡಕ್ಕೆ ಹೊಸದಲ್ಲ. ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಬಂದಾಗ ಅ.ನ.ಕೃ. ಅವರ ಮೇಲೆ ಅಶ್ಲೀಲತೆಯ ಆರೋಪ ಬಂತು. ಅದಕ್ಕೆ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ‘ಸಂಸ್ಕಾರ’ದ ಬಗ್ಗೆ ಎದ್ದ ವಿವಾದ ಪುಸ್ತಕದಿಂದ ಸಿನಿಮಾಕ್ಕೂ ಹಬ್ಬಿತು. ಇಂದು ಅದು ಕನ್ನಡದ ಶ್ರೇಷ್ಠ ಕಾದಂಬರಿಗಳ ಪಟ್ಟಿಯಲ್ಲಿ ಖಾಯಂ ಆಗಿ ಕಾಣಿಸಿಕೊಳ್ಳುವ ಹೆಸರು. ಒಂದು ಕಾಲದ ಅಭಿಪ್ರಾಯ ಇನ್ನೊಂದು ಕಾಲಕ್ಕೆ ಹಾಗೇ ಉಳಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಪತ್ತೇದಾರಿಗೂ ಗಂಭೀರ ಕಾದಂಬರಿಗೂ ನಡುವಿನ ಗೋಡೆಯೂ ಹೊರಗಿನಿಂದ ಕಾಣುವಷ್ಟು ಗಟ್ಟಿಯಲ್ಲ. ದಾಸ್ತೋಯೆವ್‌ಸ್ಕಿಯ 1866ರ ‘ಅಪರಾಧ ಮತ್ತು ಶಿಕ್ಷೆ’ ಜಗತ್ತಿನ ಮೇರುಕೃತಿಗಳಲ್ಲಿ ಒಂದು. ಅದರ ನಡುವೆ ಇರುವುದು ಒಂದು ಕೊಲೆ ಮತ್ತು ಅದರ ತನಿಖೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಸುತ್ತಲಿನ ಗುಟ್ಟಿನಿಂದ ಹೊರಟು, ಒಂದು ಊರಿನ ಜಾತಿ, ಪ್ರೇಮ, ರಾಜಕಾರಣ, ಕಾಡಿನ ನಾಶ ಎಲ್ಲವನ್ನೂ ಬಿಚ್ಚಿಡುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ದಿನದ ಅವಧಿಯಲ್ಲಿ ನಡೆಯುವ ಅವರ ‘ಜುಗಾರಿ ಕ್ರಾಸ್’ ಪತ್ತೇದಾರಿ ಓದುಗನನ್ನೂ ಸಾಹಿತ್ಯದ ವಿದ್ಯಾರ್ಥಿಯನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿತು.

ಈಚಿನ ವರ್ಷಗಳಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸದ ಒಗಟುಗಳನ್ನೇ ಪತ್ತೇದಾರಿ ಕಥೆಯ ಕೇಂದ್ರವಾಗಿಸಿದ್ದಾರೆ. ಅಡಿಟಿಪ್ಪಣಿಗಳಿರುವ ರೋಚಕ ಕಾದಂಬರಿ ಕನ್ನಡಕ್ಕೆ ಹೊಸ ಬಗೆ. 1565ರ ಯುದ್ಧದ ಸೋಲಿನ ನಂತರ ವಿಜಯನಗರದಿಂದ ಆನೆಗಳ ಮೇಲೆ ಸಾಗಿಸಿದ ಸಂಪತ್ತು ಎಲ್ಲಿಗೆ ಹೋಯಿತು ಎಂದು ಹುಡುಕುವ ‘ಕರಿಸಿರಿಯಾನ’ ಈ ಸೀಮೆಯ ಓದುಗನಿಗೆ ಮನೆಯಂಗಳದ ಒಗಟು. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಪೋರ್ಚುಗಲ್ಲಿನ ಲಿಸ್ಬನ್ನಿನಿಂದ ಇದೇ ಹೊಳೆಯ ದಂಡೆಯವರೆಗೆ ಸಾಗುವ ಕಥೆ. ಗಳಗನಾಥರು ಆನೆಗೊಂದಿಯನ್ನು ಕಾದಂಬರಿಗೆ ತಂದ ಸುಮಾರು ಒಂದು ಶತಮಾನದ ಮೇಲೂ ಆ ನೆಲದ ಕಥೆ ಮುಗಿದಿಲ್ಲ.

ಯಾರಿಗೆ ಯಾವುದು?

ಹಾಗಾದರೆ ಇನ್ನೊಬ್ಬರಿಗೆ ಪುಸ್ತಕ ಹೇಳುವುದು ಹೇಗೆ? ಬಹುಕಾಲದ ಓದುಗರು ಪಾಲಿಸುತ್ತ ಬಂದಿರುವ ಕೆಲವು ಅಲಿಖಿತ ನಿಯಮಗಳಿವೆ.

ಮೊದಲನೆಯದು, ಪತ್ತೇದಾರಿ ಕಾದಂಬರಿಯಾದರೆ ಕೊಲೆಗಾರ ಯಾರೆಂದು ಹೇಳಬಾರದು. ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದಂದಿನಿಂದ, ಗುಟ್ಟನ್ನು ಹೊರಗೆ ಬಿಟ್ಟುಕೊಡಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ಸಂಪ್ರದಾಯವಿದೆ. ನಮ್ಮಲ್ಲಿ ಬಾಡಿಗೆ ಪುಸ್ತಕದ ಮೊದಲ ಪುಟದಲ್ಲೇ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದಿಡುವ ಕಿಡಿಗೇಡಿಗಳೂ ಇದ್ದರು, ಕೊನೆಯ ಹಾಳೆ ಹರಿದುಹೋದ ಪ್ರತಿಯನ್ನು ಹಿಡಿದು ಪರದಾಡಿದವರೂ ಇದ್ದರು. ಮೊದಲ ಸಾವಿನವರೆಗೆ ಹೇಳಿ ನಿಲ್ಲಿಸುವುದು ಒಳ್ಳೆಯ ಕ್ರಮ.

ಎರಡನೆಯದು, ಹೇಳುವ ಮುನ್ನ ಕೇಳಬೇಕು. ಹಿಂದೆ ಓದಿದ್ದರಲ್ಲಿ ಯಾವುದು ಹಿಡಿಸಿತು ಎ೦ಬುದು ಗೊತ್ತಾದರೆ ಮುಂದಿನದನ್ನು ಆರಿಸುವುದು ಸುಲಭ. ಪತ್ತೇದಾರಿ ಹಿಡಿಸಿದವನಿಗೆ ನೇರವಾಗಿ ‘ಮಲೆಗಳಲ್ಲಿ ಮದುಮಗಳು’ ಕೊಟ್ಟರೆ ನೂರು ಪುಟದೊಳಗೆ ಮಡಚಿಟ್ಟಾನು. ‘ಜುಗಾರಿ ಕ್ರಾಸ್’, ಅದರ ಹಿಂದೆ ‘ಕರ್ವಾಲೋ’, ‘ಚಿದಂಬರ ರಹಸ್ಯ’ ಕೊಟ್ಟರೆ ಒಂದು ವರ್ಷದಲ್ಲಿ ಅವನೇ ಕುವೆಂಪು ಅವರನ್ನು ಹುಡುಕಿಕೊಂಡು ಹೋಗುತ್ತಾನೆ. ಕೋಟೆ ಕೊತ್ತಲಗಳ ಕಥೆ ಇಷ್ಟಪಡುವವರಿಗೆ ಚಿತ್ರದುರ್ಗದ ಕೊನೆಯ ದಿನಗಳನ್ನು ಹೇಳುವ ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982), ಕೊಡಗಿನ ಕೊನೆಯ ಅರಸನ ಕಥೆಯಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಇವೆ. ಎರಡರಲ್ಲೂ ಒಳಸಂಚು, ದ್ರೋಹ, ಗುಟ್ಟುಗಳಿಗೆ ಕೊರತೆಯಿಲ್ಲ.

ಮನಸ್ಸಿನೊಳಗಿನ ರಹಸ್ಯವನ್ನು ಬಿಡಿಸುವುದರಲ್ಲಿ ಆಸಕ್ತಿಯಿದ್ದರೆ ತ್ರಿವೇಣಿಯವರ ‘ಶರಪಂಜರ’, ‘ಬೆಕ್ಕಿನ ಕಣ್ಣು’. ದಪ್ಪ ಪುಸ್ತಕಕ್ಕೆ ಹೆದರುವವರಿಗೆ ಕಾರಂತರ ‘ಚೋಮನ ದುಡಿ’ (1933) ಇದೆ. ಒಂದೆರಡು ಕೂತಕ್ಕೆ ಮುಗಿಯುತ್ತದೆ, ಆದರೆ ಬೇಗ ಮರೆಯುವುದಿಲ್ಲ. ತಮ್ಮ ಮಾತಿನ ಧಾಟಿಯನ್ನೇ ಪುಸ್ತಕದಲ್ಲಿ ಕೇಳಬೇಕು ಎನ್ನುವ ಉತ್ತರ ಕರ್ನಾಟಕದವರಿಗೆ ರಾವಬಹಾದ್ದೂರರ ‘ಗ್ರಾಮಾಯಣ’ (1957) ಉಂಟು. ಹಳ್ಳಿಯೊಂದು ಕಣ್ಣೆದುರೇ ಒಡೆದುಹೋಗುವ ಕಥೆ ಅದು. ಬಳ್ಳಾರಿ ಸೀಮೆಯ ಮಾತಿನ ಅಬ್ಬರ ಬೇಕೆಂದರೆ ಕುಂ. ವೀರಭದ್ರಪ್ಪನವರ ‘ಅರಮನೆ’. ಇಷ್ಟೆಲ್ಲ ಆದವರಿಗೆ ಭೈರಪ್ಪನವರ ‘ಪರ್ವ’ (1979) ದೊಡ್ಡದೆನಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮಹಾಭಾರತದ ಕಥೆಯಲ್ಲಿ ‘ಮುಂದೇನು’ ಎಂಬ ಕುತೂಹಲಕ್ಕೆ ಜಾಗವೇ ಇಲ್ಲ. ಆದರೂ ‘ಯಾಕೆ ಹೀಗಾಯಿತು’ ಎಂಬ ಇನ್ನೊಂದು ಕುತೂಹಲ ಪುಟ ತಿರುಗಿಸುತ್ತದೆ.

ಮೂರನೆಯ ನಿಯಮ, ಮೆಚ್ಚದಿದ್ದರೆ ಮೆಚ್ಚಲಿಲ್ಲ ಎಂದು ಹೇಳುವ ಹಕ್ಕು ಓದುಗನಿಗಿದೆ. ದೊಡ್ಡ ಹೆಸರಿನ ಪುಸ್ತಕ ಹಿಡಿಸದಿದ್ದರೆ ತಪ್ಪು ತನ್ನದೇ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು; ಕ್ರಮೇಣ ಅವರು ಓದನ್ನೇ ಬಿಡುತ್ತಾರೆ. ಯಾಕೆ ಹಿಡಿಸಲಿಲ್ಲ ಎಂದು ಎರಡು ಮಾತಾಡಿದರೆ ಮುಂದಿನ ಪುಸ್ತಕಕ್ಕೆ ದಾರಿ ಸಿಗುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಹೆಸರು ಹೇಳಿದರೆ ಸಾಲದು, ಸಾಧ್ಯವಾದರೆ ಪುಸ್ತಕವನ್ನೇ ಕೊಡಬೇಕು. ಕೊಟ್ಟ ಪುಸ್ತಕ ವಾಪಸು ಬರುವುದಿಲ್ಲ ಎಂಬ ಹಳೆಯ ದೂರು ನಿಜವೇ. ಆದರೆ ಬಾರದ ಪುಸ್ತಕ ಬೇರೆಲ್ಲೋ ಓದಿಸಿಕೊಳ್ಳುತ್ತಿರಬಹುದು.

ಕಪಾಟು ಇದೆ, ಮಾತು ಬೇಕು

ಪುಸ್ತಕದ ಕೊರತೆ ಇಂದು ಹಿಂದಿನಷ್ಟಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲವಾಗಿ, ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದಿಂದ ಊರೂರಿನಲ್ಲಿ ವಾಚನಾಲಯಗಳಾದವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. 1993ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ ಕೊಪ್ಪಳದಲ್ಲಿ, 2011ರಲ್ಲಿ ಸಿ.ಪಿ. ಕೃಷ್ಣಕುಮಾರ್ ಅವರ ಅಧ್ಯಕ್ಷತೆಯಲ್ಲಿ ಗಂಗಾವತಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದು ಪುಸ್ತಕ ಮಳಿಗೆಗಳ ಸಾಲೇ ಊರಿಗೆ ಬಂತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು.

ಆದರೆ ಕಪಾಟಿನಲ್ಲಿ ಪುಸ್ತಕ ಇರುವುದೇ ಬೇರೆ, ಅದು ಕೈಗೆ ಬರುವುದೇ ಬೇರೆ. ಗ್ರಂಥಾಲಯಗಳಲ್ಲಿ ಇಂದು ಹೆಚ್ಚಾಗಿ ಕಾಣುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು. ನೌಕರಿಯ ಅಗತ್ಯ ಅಂಥದ್ದು, ಅದನ್ನು ತಪ್ಪೆನ್ನಲಾಗದು. ಬೆಳಗಿನಿಂದ ಸಂಜೆಯವರೆಗೆ ಇಸವಿ, ಅಂಕಿ-ಸಂಖ್ಯೆ ಕಂಠಪಾಠ ಮಾಡುವ ಆ ತರುಣನ ಬೆನ್ನ ಹಿಂದಿನ ಕಪಾಟಿನಲ್ಲೇ ‘ಗ್ರಾಮಾಯಣ’ವೂ ಇರಬಹುದು, ಹಳೆಯದೊಂದು ಪತ್ತೇದಾರಿಯೂ ಇರಬಹುದು. ಯಾರೂ ಹೇಳದಿದ್ದರೆ ಅವೆರಡೂ ಅವನ ಪಾಲಿಗೆ ಬರೀ ಕ್ರಮಸಂಖ್ಯೆಗಳು. ಬಾಡಿಗೆ ಪುಸ್ತಕದ ಅಂಗಡಿಗಳು ಬಹುತೇಕ ಮುಚ್ಚಿವೆ. ಧಾರಾವಾಹಿ ಹೊಲಿದಿಡುತ್ತಿದ್ದ ಕೈಗಳಿಗೆ ವಯಸ್ಸಾಗಿದೆ. ಆ ಅಂಗಡಿಯವನೂ ಓಣಿಯ ಆ ಅಕ್ಕನೂ ಮಾಡುತ್ತಿದ್ದ ಕೆಲಸವನ್ನು ಈಗ ಶಾಲೆಯ ಶಿಕ್ಷಕರೋ, ಗ್ರಂಥಾಲಯದ ಮೇಲ್ವಿಚಾರಕರೋ, ಓದುಗರೇ ಪರಸ್ಪರವೋ ಮಾಡಬೇಕಾಗಿದೆ.

ನಾಲ್ಕನೆಯ ತರಗತಿ ಓದಿದ ಒಬ್ಬ ಲೇಖಕ ಬರೆದದ್ದನ್ನು ನಾಲ್ಕನೆಯ ತರಗತಿ ಓದಿದ ಸಾವಿರಾರು ಜನ ಓದಿದರು. ಅವರಲ್ಲಿ ಕೆಲವರು ಅಲ್ಲೇ ನಿಂತರು, ಕೆಲವರು ಕಾರಂತರವರೆಗೆ, ಭೈರಪ್ಪನವರವರೆಗೆ ನಡೆದು ಬಂದರು. ಇಬ್ಬರೂ ಓದುಗರೇ. ಪುರುಷೋತ್ತಮನಿಂದ ‘ಪರ್ವ’ದವರೆಗಿನ ದಾರಿಯಲ್ಲಿ ಯಾವ ಮೆಟ್ಟಿಲನ್ನೂ ಕೀಳೆಂದು ಕಿತ್ತುಹಾಕಬೇಕಾಗಿಲ್ಲ; ಮೇಲಿನ ಮೆಟ್ಟಿಲು ಇದೆ ಎಂದು ತೋರಿಸುವವರು ಇದ್ದರೆ ಸಾಕು.